ಗಾಜಿನ ಬೀರುವಿನೊಳಗಿನ ಬ್ಯಾಟು

"ಬುದ್ಧಿ, ಉಪಯೋಗಕ್ಕೆ ಬಾರದ ಹಳೆಯ ವಸ್ತುಗಳನ್ನು ಜನ ಯಾಕೆ ಕೂಡಿಡುತ್ತಾರೆ?" ಎಂದು ರೇವಣ ಗುರುಗಳನ್ನು ಕೇಳಿದ.

ರೇವಣ ಮಠದಲ್ಲಿದ್ದು ಕಲಿಯುತ್ತಿದ್ದ ಶಿಷ್ಯ. ಅಂದು ಬೆಳಿಗ್ಗೆ ಪೇಟೆಗೆ ಹೋಗಿದ್ದವನು ಒಂದು ಸುದ್ದಿ ಕೇಳಿಕೊಂಡು ಬಂದಿದ್ದ. ಯಾವನೋ ಆಟಗಾರ ಎಂದೋ ತೊಟ್ಟು ಬಿಟ್ಟ ಟೋಪಿಯನ್ನು ಯಾರೋ ಹರಾಜಿನಲ್ಲಿ ಒಂದು ಮನೆಯ ಬೆಲೆ ಕೊಟ್ಟು ಕೊಂಡರಂತೆ. ಹಿಂದೆ ಅದೇ ಟೋಪಿಯನ್ನು ಕೇಳುವವರೇ ಇರಲಿಲ್ಲವಂತೆ.

"ಟೋಪಿ ಅದೇ, ಬೆಲೆ ಮಾತ್ರ ಬೇರೆಯಾಗಿದೆ. ಇದು ಭಕ್ತಿಯೋ ಆಸೆಯೋ ನನಗೆ ತಿಳಿಯಲಿಲ್ಲ" ಎಂದ.

ಗುರುಗಳು ಆಗಷ್ಟೇ ಹೊರಗಿನಿಂದ ಬಂದು ಜಗಲಿಯ ಮೇಲೆ ಕುಳಿತು ಅಂಗಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದರು. ಅವರ ಹಳೆಯ ಮರದ ಹಾವುಗೆಗಳು ಕೆಲವು ದಿನಗಳಿಂದ ಕಾಣೆಯಾಗಿದ್ದವು. ಹೊಸದು ಮಾಡಿಸುತ್ತೇವೆಂದು ಭಕ್ತರು ಹೇಳಿದರೆ, ಎಲ್ಲಿಗೂ ಹೋಗಿರುವುದಿಲ್ಲ, ಸಿಗುತ್ತವೆ ಎಂದು ಹೇಳಿ ಬರಿಗಾಲಿನಲ್ಲೇ ಓಡಾಡುತ್ತಿದ್ದರು. ಮುಳ್ಳು ಬಂತು. ಅದನ್ನು ಬೇಲಿಯಾಚೆ ಎಸೆದು, "ಕುಳಿತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿಯಿದ್ದ. ಅದೇ ಊರಿನಲ್ಲಿ ಒಬ್ಬ ಕ್ರಿಕೆಟ್ ಆಟಗಾರನಿದ್ದ. ವ್ಯಾಪಾರಿ ಚಿಕ್ಕವನಾಗಿದ್ದಾಗ ಒಂದು ದಿನ ಶಾಲೆ ತಪ್ಪಿಸಿ, ಮೈದಾನದ ಗೋಡೆ ಹತ್ತಿ ಕುಳಿತು ಆ ಆಟಗಾರನ ಆಟ ನೋಡಿದ್ದ. ಚೆಂಡು ಅವನ ತಲೆಯ ಮೇಲಿಂದ ಗೋಡೆ ದಾಟಿ ಹೋಯಿತು. ಕೂಗಿ ಕೂಗಿ ಗಂಟಲು ಕಟ್ಟಿತು. ಮನೆಗೆ ಹೋದಾಗ ಬೆನ್ನಿಗೆ ಏಟೂ ಬಿತ್ತು. ಮುಂದೆ ಅವನ ವ್ಯಾಪಾರ ಚೆನ್ನಾಗಿಯೇ ನಡೆಯಿತು, ಆದರೆ ಗೋಡೆಯ ಮೇಲೆ ಸಿಕ್ಕ ಸಂತೋಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಾಗ ಸಿಗಲಿಲ್ಲ.

ಆಟಗಾರನಿಗೆ ವಯಸ್ಸಾಯಿತು. ಊರು ಅವನನ್ನು ಮರೆಯಿತು. ಒಂದು ದಿನ ಅವನು ಪಂಚೆ ಕೊಳ್ಳಲು ಈ ವ್ಯಾಪಾರಿಯ ಅಂಗಡಿಗೆ ಬಂದ. ವ್ಯಾಪಾರಿ ಗುರುತು ಹಿಡಿದು, ಎದ್ದು ನಿಂತು, ಗೋಡೆ ಹತ್ತಿದ ಕತೆಯನ್ನೆಲ್ಲ ಹೇಳಿದ. ಪಂಚೆಗೆ ಹಣ ತೆಗೆದುಕೊಳ್ಳಲಿಲ್ಲ. ಮಾರನೆಯ ದಿನ ಮುದುಕ ಆ ಆಟ ಆಡಿದ ಬ್ಯಾಟಿನ ಮೇಲೆ ತನ್ನ ರುಜು ಹಾಕಿ ತಂದು ವ್ಯಾಪಾರಿಯ ಕೈಯಲ್ಲಿಟ್ಟ.

ಅಂದಿನಿಂದ ವ್ಯಾಪಾರಿ ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದವನೇ ಬ್ಯಾಟು ಹಿಡಿದು ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ಹೊಟ್ಟೆ ಅಡ್ಡ ಬರುತ್ತಿತ್ತು. ಆದರೂ ಬೀಸುತ್ತಿದ್ದ. ಹೆಂಡತಿ ಅಡುಗೆಮನೆಯಿಂದ ನೋಡಿ ನಗುತ್ತಿದ್ದಳು. ಉಳಿದ ಹೊತ್ತಿನಲ್ಲಿ ಬ್ಯಾಟು ಬಾಗಿಲ ಹಿಂದೆ ಇರುತ್ತಿತ್ತು. ಕೋತಿಗಳು ಬಂದರೆ ಅವಳು ಅದನ್ನೇ ತೋರಿಸಿ ಓಡಿಸುತ್ತಿದ್ದಳು. ಆಗ ಅದಕ್ಕೆ ಬೆಲೆಯೇ ಇರಲಿಲ್ಲ. ಅಷ್ಟು ಸುಖ ಕೊಟ್ಟ ವಸ್ತು ಆ ಮನೆಯಲ್ಲಿ ಇನ್ನೊಂದೂ ಇರಲಿಲ್ಲ.

ಹೀಗಿರುವಾಗ ಒಬ್ಬ ದಲ್ಲಾಳಿ ಬಂದ. ಆಟಗಾರರ ಹಳೆಯ ಸಾಮಾನು ಕೊಂಡು ಮಾರುವುದೇ ಅವನ ಕಸುಬು. ಬಾಗಿಲ ಹಿಂದಿನ ಬ್ಯಾಟನ್ನು ಕಂಡು, ಅದರ ಬೆಲೆಯನ್ನು ವ್ಯಾಪಾರಿಯ ಕಿವಿಯಲ್ಲಿ ಹೇಳಿದ. ವ್ಯಾಪಾರಿ ನಿಂತಿದ್ದವನು ಕುಳಿತುಬಿಟ್ಟ. ಒಂದು ವಾರದೊಳಗೆ ಗಾಜಿನ ಬೀರು ಬಂತು, ಅದಕ್ಕೆ ಬೀಗ ಬಂತು. ಬೆಲೆ ಎಷ್ಟೆಂದು ಅವನು ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಮಾರಿ ಬಳೆ ಮಾಡಿಸಿ ಎಂದಾಳೆಂಬ ಭಯ. ಕನ್ನಡಿಯ ಮುಂದೆ ನಿಲ್ಲುವುದು ನಿಂತಿತು. ಕೋತಿಗಳಿಗೂ ಬಿಡುಗಡೆಯಾಯಿತು.

ಬ್ಯಾಟಿನ ಬೆಲೆ ಒಂದೇ ಸಮನೆ ಇರಲಿಲ್ಲ. ಪತ್ರಿಕೆಯಲ್ಲಿ ಯಾರಾದರೂ ಮುದುಕನ ಹಳೆಯ ಆಟವನ್ನು ನೆನೆದು ಬರೆದರೆ ಏರುತ್ತಿತ್ತು. ಹೊಸ ಹುಡುಗನೊಬ್ಬ ಅವನಿಗಿಂತ ಚೆನ್ನಾಗಿ ಆಡಿದರೆ ಇಳಿಯುತ್ತಿತ್ತು. ವ್ಯಾಪಾರಿಯ ನಿದ್ದೆಯೂ ಅದರ ಜೊತೆಗೇ ಏರಿ ಇಳಿಯತೊಡಗಿತು. ಇದು ಎಂದಿಗೆ ಒಂದು ನೆಲೆಗೆ ನಿಲ್ಲುತ್ತದೆ ಎಂದು ಅವನು ದಲ್ಲಾಳಿಯನ್ನು ಕೇಳಿದ.

"ಅವರು ಇರೋವರೆಗೆ ಹೀಗೇ ಸ್ವಾಮಿ. ಹೋದ ಮೇಲೆ ನೋಡಿ. ಆಮೇಲೆ ಇನ್ನೊಂದು ರುಜು ಎಲ್ಲಿಂದ ಬರುತ್ತೆ?" ಎಂದ ದಲ್ಲಾಳಿ.

ವ್ಯಾಪಾರಿ ಕೆಟ್ಟವನೇನಲ್ಲ. ದಲ್ಲಾಳಿಯನ್ನು ಚೆನ್ನಾಗಿ ಬೈದ. ಆದರೆ ಆ ಮಾತು ಕಿವಿಯಿಂದ ಹೊರಗೆ ಹೋಗಲಿಲ್ಲ. ಮುಂದಿನ ವಾರ ಒಂದು ಎಳನೀರು ಹಿಡಿದು ಮುದುಕನ ಮನೆಗೆ ಹೋದ. ಮುದುಕ ಹಾಸಿಗೆ ಹಿಡಿದಿದ್ದ. ಊಟ ಸೇರುತ್ತದೆಯೇ, ಉಸಿರಾಟ ಹೇಗಿದೆ, ವೈದ್ಯರು ಏನು ಹೇಳಿದರು ಎಂದು ವ್ಯಾಪಾರಿ ಒಂದೊಂದನ್ನೂ ವಿಚಾರಿಸಿದ. ಅಲ್ಲಿಂದ ಮುಂದೆ ವಾರವಾರವೂ ಹೋದ. ಊರೆಲ್ಲ ಮರೆತರೂ ಈ ಸಾಹುಕಾರರು ಮರೆಯಲಿಲ್ಲವೆಂದು ಮುದುಕ ಬಂದವರಿಗೆಲ್ಲ ಹೇಳುತ್ತಿದ್ದ. ಇವನು ಬರುವ ದಿನ ಬೆಳಿಗ್ಗೆಯೇ ಗಡ್ಡ ಹೆರೆಸಿಕೊಂಡು ಕಾಯುತ್ತಿದ್ದ.

ಒಂದು ದಿನ ಮುದುಕ ಬಾಯಿಬಿಟ್ಟು ಕೇಳಿದ: "ಸಾಹುಕಾರ್ರೇ, ಆ ಬ್ಯಾಟನ್ನ ಒಂದ್ಸಲ ತರ್ತೀರಾ? ಕೊಟ್ಟಿದ್ದನ್ನ ವಾಪಸ್ ಕೇಳ್ತಿಲ್ಲ. ಒಂದು ಗಳಿಗೆ ಕೈಯಲ್ಲಿ ಹಿಡೀಬೇಕು ಅನ್ನಿಸ್ತಿದೆ, ಅಷ್ಟೇ."

"ಅದಕ್ಕೇನು ಯಜಮಾನ್ರೇ, ತರ್ತೀನಿ" ಎಂದ ವ್ಯಾಪಾರಿ.

ಮನೆಗೆ ಬಂದು ಬೀರುವಿನ ಮುಂದೆ ನಿಂತ. ಮುದುಕನ ಕೈಯ ಬೆವರು ತಗಲಿ ರುಜು ಅಳಿಸಿದರೆ? ಮುಂದಿನ ವಾರ ಬ್ಯಾಟಿನ ಫೋಟೋ ತೆಗೆಸಿ, ಕಟ್ಟು ಹಾಕಿಸಿ ಕೊಂಡುಹೋದ. ಮುದುಕ ಅದನ್ನು ಬಹಳ ಹೊತ್ತು ನೋಡಿದ. ಚೆನ್ನಾಗಿ ಬಂದಿದೆ ಎಂದು ಹೇಳಿ ದಿಂಬಿನ ಪಕ್ಕ ಇಟ್ಟುಕೊಂಡ. ಮತ್ತೆ ಕೇಳಲಿಲ್ಲ.

ಆಯುಧಪೂಜೆ ಬಂತು. ವ್ಯಾಪಾರಿ ಅಂಗಡಿಯ ಪೂಜೆಗೆಂದು ಬೆಳಿಗ್ಗೆಯೇ ಹೋದ. ಮನೆಯಲ್ಲಿ ಹೆಂಡತಿ ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಸಾಲಾಗಿಟ್ಟಳು. ಆಮೇಲೆ ಗಾಜಿನೊಳಗಿನ ಬ್ಯಾಟು ಕಣ್ಣಿಗೆ ಬಿತ್ತು. ಗಂಡ ಬೀಗದ ಕೈ ಎಲ್ಲಿ ಬಚ್ಚಿಟ್ಟಿದ್ದಾನೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಬ್ಯಾಟನ್ನು ಹೊರಗೆ ತೆಗೆದು, ಸೋಪಿನ ನೀರಿನಲ್ಲಿ ತೆಂಗಿನ ನಾರು ಹಾಕಿ ಉಜ್ಜಿ, ಬಿಸಿಲಿಗಿಟ್ಟು ಒಣಗಿಸಿದಳು. ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದಳು. ಮರ ಹೊಸದರಂತೆ ಬೆಳ್ಳಗಾಗಿತ್ತು. ರುಜು ಬಚ್ಚಲ ನೀರಿನೊಡನೆ ಹರಿದುಹೋಗಿತ್ತು.

ವ್ಯಾಪಾರಿ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತು, "ಏನ್ ಮಾಡ್ಬಿಟ್ಟೆ ನೀನು!" ಎಂದ.

"ಯಾಕ್ರೀ? ದುಡಿದ ಆಯುಧ ಅಲ್ವಾ ಅದು? ಇಷ್ಟು ವರ್ಷಕ್ಕೆ ಒಂದು ಹೂವು ಕಂಡಿರ್ಲಿಲ್ಲ, ಪಾಪ" ಎಂದಳು ಅವಳು.

ಅವನು ಏನು ಹೇಳುತ್ತಾನೆ? ಬೈಯಬೇಕಾದರೆ ಬೆಲೆ ಹೇಳಬೇಕು. ಬಾಯಿ ಮುಚ್ಚಿಕೊಂಡು ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ರುಜು ಹಾಕಿಸಲು ಮುದುಕನ ಮನೆಗೆ ಓಡಿದ. ಮುದುಕ ಬೇಡಿಕೊಂಡಾಗ ಬೀರುವಿನಿಂದ ಕದಲದ ಬ್ಯಾಟು ಈಗ ನಡುಬೀದಿಯಲ್ಲಿ ಬಿಸಿಲು ಕಾಣುತ್ತ ಹೋಯಿತು.

ಮುದುಕ ಬ್ಯಾಟನ್ನು ಕಂಡವನೇ ಎದ್ದು ಕುಳಿತ. ಕಾಲು ಕೆಳಗಿಟ್ಟ. ಗೋಡೆಗೆ ಬೆನ್ನು ಕೊಟ್ಟು ನಿಂತು, ಎರಡು ಕೈಯಲ್ಲಿ ಹಿಡಿದು, ಅದರ ತುದಿಯನ್ನು ನೆಲಕ್ಕೆ ಮೆಲ್ಲಗೆ ಬಡಿದ. ವ್ಯಾಪಾರಿ ಚಾಚಿದ ಪೆನ್ನು ಅವನಿಗೆ ಕಾಣಲೇ ಇಲ್ಲ. ಕುಂಕುಮ ಕಂಡಿತು. ಯಾರು ಇಟ್ಟದ್ದೆಂದು ಕೇಳಿದ. ವ್ಯಾಪಾರಿಯ ಹೆಂಡತಿಯೆಂದು ತಿಳಿದಾಗ ಆ ತಾಯಿ ನೂರು ಕಾಲ ಬಾಳಲಿ ಎಂದು ಕಣ್ಣು ಒರೆಸಿಕೊಂಡ. ಆಮೇಲೆ ಕೇಳಿದಲ್ಲಿ ರುಜು ಹಾಕಿದ. ಕೈ ನಡುಗುತ್ತಿತ್ತು.

ದಲ್ಲಾಳಿ ಭೂತಗನ್ನಡಿ ಹಿಡಿದು ನೋಡಿ, ಇದು ಅವರ ರುಜುವಲ್ಲ ಎಂದ. ನನ್ನ ಕಣ್ಣೆದುರಿಗೇ ಹಾಕಿದ್ದಾರೆಂದು ವ್ಯಾಪಾರಿ ಆಣೆ ಮಾಡಿದ. ಇರಬಹುದು, ಆದರೆ ಹಳೆಯದಕ್ಕೆ ಹೋಲುವುದಿಲ್ಲ, ಪೇಟೆ ಒಪ್ಪುವುದಿಲ್ಲ ಎಂದು ದಲ್ಲಾಳಿ ಎದ್ದು ಹೋದ. ಬ್ಯಾಟು ನಿಜ, ಆಟಗಾರ ನಿಜ, ರುಜುವೂ ನಿಜ. ಪೇಟೆಯಲ್ಲಿ ಮಾತ್ರ ಎಲ್ಲ ಸೇರಿ ಸುಳ್ಳಾಯಿತು. ಬೇಸತ್ತ ವ್ಯಾಪಾರಿ ಅದನ್ನು ಮುದುಕನ ಮನೆಗೇ ಕಳಿಸಿಬಿಟ್ಟ. ವಾರದ ಭೇಟಿಯನ್ನೂ ನಿಲ್ಲಿಸಿದ. ಅಂಗಡಿಯಲ್ಲಿ ಕೆಲಸ ಹೆಚ್ಚು ಎಂದು ತನಗೆ ತಾನೇ ಹೇಳಿಕೊಂಡ.

ಕೆಲವು ವಾರಗಳು ಕಳೆದವು. ಒಂದು ಮಧ್ಯಾಹ್ನ ಅಂಗಡಿಯ ಮೆಟ್ಟಿಲ ಮೇಲೆ ಟಕ್ ಟಕ್ ಎಂಬ ಸದ್ದಾಯಿತು. ವ್ಯಾಪಾರಿ ತಲೆ ಎತ್ತಿ ನೋಡಿದ. ಆ ಮುದುಕ ಬ್ಯಾಟನ್ನು ಊರುಗೋಲಿನಂತೆ ಊರಿಕೊಂಡು ಹತ್ತಿ ಬರುತ್ತಿದ್ದ. ಇನ್ನೊಂದು ಕೈಯಲ್ಲಿ ಒಂದು ಎಳನೀರು.

"ನೀವು ಬಂದು ಬಹಳ ದಿನ ಆಯ್ತಲ್ಲ ಸಾಹುಕಾರ್ರೇ. ಹುಷಾರಿಲ್ವೇನೋ ಅಂತ ಜೀವ ತಡೀಲಿಲ್ಲ. ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದ.

ಅಂಗಡಿ ತುಂಬ ಬಟ್ಟೆಯಿತ್ತು. ಮುಖ ಮುಚ್ಚಿಕೊಳ್ಳಲು ವ್ಯಾಪಾರಿಗೆ ಒಂದು ತುಂಡೂ ಸಿಗಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ರೇವಣನಿಗೆ ವ್ಯಾಪಾರಿಯ ಮೇಲೆ ಕನಿಕರ ಹುಟ್ಟಿತ್ತು.

"ಬುದ್ಧಿ, ಅವನು ಬ್ಯಾಟನ್ನು ಮೊದಲು ಇಟ್ಟುಕೊಂಡದ್ದು ಪ್ರೀತಿಯಿಂದಲೇ ಅಲ್ಲವೇ? ಹಾಗಾದರೆ ತಪ್ಪಿದ್ದು ಎಲ್ಲಿ?" ಎಂದು ಕೇಳಿದ.

ಗುರುಗಳು ಸಂಜೆಯ ಪೂಜೆಗೆ ಹೂ ತರಲು ಎದ್ದರು. ಅಂಗಳದ ಕಲ್ಲು ಇನ್ನೂ ಕಾದಿತ್ತು. ಕಾಲಿಟ್ಟವರು ಹಿಂದಕ್ಕೆ ತೆಗೆದುಕೊಂಡು ಹೇಳಿದರು:

"ನನ್ನ ಹಾವುಗೆಗಳನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ನಿನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೀಯಲ್ಲ, ಅವನ್ನು ತಂದು ಕೊಡು ರೇವಣ, ನಾನಿನ್ನೂ ನಡೆಯುತ್ತಿದ್ದೇನೆ."