ಹುಲಿಗೆವ್ವನ ಮುಮ್ಮೂಲೆ

ಹೊಳೆಯಾಗಿ ಹರಿದು, ಬಂಡೆಯಾಗಿ ನಿಂತು ನಮ್ಮನ್ನು ಕಾಯುವ ಹೊಳೆಯಮ್ಮ ತಾಯಿಗೆ ಮೊದಲು ಶರಣು.

ತುಂಗಭದ್ರೆಯ ದಂಡೆಯ ಮಳಲಕಟ್ಟಿಗೆ ಹೋದವರಿಗೆ ನೀರಿಗೆ ಚಾಚಿದ ಹಾಸುಬಂಡೆಯೊಂದು ಕಾಣುತ್ತದೆ. ಅದರ ಮೇಲೆ ಮೂರು ಗೆರೆ ಕೂಡಿದ ಆಕೃತಿ ಕೊರೆದಿದೆ. ಮೂರು ಮೂಲೆಯಲ್ಲೂ ಅರಿಶಿನ ಮೆತ್ತಿರುತ್ತದೆ. ಎದುರಿಗೆ, ಹೊಳೆಯ ನಡುವೆ, ತಾಯಿಯ ಗುಡಿಯಿರುವ ನಡುಗಡ್ಡೆ. ಅದರ ತುದಿಗೆ ಒಂದು ಬಿಳಿಗುಂಡು. ಈ ಹಾಸುಬಂಡೆಯನ್ನು ಊರವರು ಹುಲಿಗೆವ್ವನ ಮುಮ್ಮೂಲೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಸೇತುವೆಯ ಮಾತೇ ಇಲ್ಲದ ಕಾಲದಲ್ಲಿ, ಈ ಊರಿನಲ್ಲಿ ಹುಲಿಗೆವ್ವನೆಂಬ ಹಗ್ಗ ಹೊಸೆಯುವವಳಿದ್ದಳು. ಒಬ್ಬಳೇ ಮಗಳು ಸಾಂತವ್ವನನ್ನು ನಡುಗಡ್ಡೆಯ ಮನೆಗೆ ಮದುವೆ ಮಾಡಿ ಕೊಟ್ಟಿದ್ದಳು. ಮಹಾಪೂರದಲ್ಲಿ ಅಲ್ಲಿಗೆ ಹೋಗಲು ಇದ್ದದ್ದು ಒಂದೇ ದಾರಿ: ಬಂಡೆಯ ಗೂಟಕ್ಕೆ ಹಗ್ಗ ಬಿಗಿದು ಹರಗೋಲನ್ನು ಬಿಟ್ಟರೆ, ಸೆಳವೇ ಅದನ್ನು ತೂಗಿ ಬಿಳಿಗುಂಡಿಗೆ ಮುಟ್ಟಿಸುತ್ತಿತ್ತು. ಹಗ್ಗ ಮೋಟಾದರೆ ಹರಗೋಲು ನಡುನೀರಿನಲ್ಲೇ ಜೋತಾಡುತ್ತಿತ್ತು. ಉದ್ದವಾದರೆ ಕೆಳಗಿನ ಮಡುವಿಗೆ ಬೀಳುತ್ತಿತ್ತು. ಆ ಹಗ್ಗದಲ್ಲಿ ಗಂಟಿರಬಾರದೆಂಬುದು ತಾಯಿಯ ಕಟ್ಟಳೆ. ಆಮೇಲೆ ಕಟ್ಟಿ ಬೆಳೆಸುವಂತಿರಲಿಲ್ಲ, ಮಡಿಸಿ ಕುಗ್ಗಿಸುವಂತಿರಲಿಲ್ಲ; ಹೊಸೆಯುವ ಮೊದಲೇ ಅಳತೆ ಗೊತ್ತಿರಬೇಕಿತ್ತು.

ಆ ವರ್ಷ ಹಳೆಯ ಹಗ್ಗ ಗೂಟದ ಸಮೇತ ಪೂರದಲ್ಲಿ ಕೊಚ್ಚಿಹೋಯಿತು; ಹೊಸ ಗೂಟವನ್ನು ಬಂಡೆಯ ಬೇರೆ ಕಡೆ ನೆಟ್ಟಿದ್ದರಿಂದ ಹಳೆಯ ಅಳತೆ ನಡೆಯುವಂತಿರಲಿಲ್ಲ. ಮರುದಿನ ಬೆಳಿಗ್ಗೆ ನಡುಗಡ್ಡೆಯ ಮರದಲ್ಲಿ ಕೆಂಪು ಸೀರೆ ಏರಿತು. ಹೆರಿಗೆ ಕಷ್ಟವಾಗಿದೆ, ಸೂಲಗಿತ್ತಿ ಬೇಕು ಎಂಬ ಗುರುತು ಅದು. ದಿನ ತುಂಬಿದವಳು ಅಲ್ಲಿ ಸಾಂತವ್ವ ಒಬ್ಬಳೇ. ಹುಲಿಗೆವ್ವ ಓಡಿಹೋಗಿ ನಾರು ತೆಗೆದಳು. ಮನೆಯಲ್ಲಿದ್ದ ಪುಂಡಿನಾರು ಒಂದೇ ಹಗ್ಗಕ್ಕೆ ಸಾಲುವಷ್ಟು. ಅಂಬಿಗರ ಮುದಿಯಪ್ಪ ದಂಡೆಯಲ್ಲಿ ನಿಂತು, ಹಿರಿಯರ ರೂಢಿಯಂತೆ ಕೂಗು ಹಾಕಿ ದೂರ ಅಳೆದ.

“ಮರುಕೂಗು ಕಿವಿಯಾಗ ಹೇಳಿದಂಗ ಬಂತು. ಐವತ್ತು ಮಾರು ಹೊಸಿ, ತಂಗಿ.”

“ಹ್ವಾದ ವರ್ಷನೂ ಹಿಂಗ ಅಂದು ಮೂರು ತಾಸು ನಡುನೀರಾಗ ಜೋತಾಡಿದ್ದಿ, ಅಣ್ಣ. ಆ ಕಡೆ ಗಾಳಿ ಈ ಕಡೆ ಬೀಸಿದ್ರ ಕೂಗು ಹತ್ತಿರ ಆಗ್ತೈತಿ. ಗುಂಡು ಇದ್ದಲ್ಲೇ ಇರ್ತೈತಿ.”

ಜಾತ್ರೆಯ ಚಪ್ಪರಕ್ಕೆ ಹಗ್ಗ ಅಳೆಯುವಾಗ ತಂದೆ ಕಲಿಸಿದ್ದು ಅವಳಿಗೆ ನೆನಪಾಯಿತು. ಗೂಟದಿಂದ ದಂಡೆಗುಂಟ ನಲವತ್ತು ಮಾರು ನಡೆದು ಇನ್ನೊಂದು ಗೂಟ ನೆಟ್ಟಳು. ಎರಡು ಬಿದಿರುಕಡ್ಡಿಗಳ ತುದಿ ಸೇರಿಸಿ ಕಟ್ಟಿ, ಒಂದನ್ನು ಆಚೆ ಗೂಟದತ್ತ, ಇನ್ನೊಂದನ್ನು ಬಿಳಿಗುಂಡಿನತ್ತ ತಿರುಗಿಸಿ, ಬಾಯಿ ಬಿಟ್ಟಷ್ಟಕ್ಕೇ ದಾರದಿಂದ ಬಿಗಿದಳು. ಎರಡೂ ಗೂಟದಲ್ಲಿ ಹೀಗೆ ಮೂಲೆ ಹಿಡಿದು, ಹಾಸುಬಂಡೆಯ ಮೇಲೆ ಹತ್ತು ಮಾರಿಗೆ ಒಂದು ಗೇಣಿನಂತೆ ನಾಲ್ಕು ಗೇಣಿನ ಸುಣ್ಣದ ಗೆರೆ ಎಳೆದಳು. ಅದರ ಎರಡು ತುದಿಗೆ ಅವೇ ಮೂಲೆಗಳನ್ನಿಟ್ಟು ಗೆರೆಗಳನ್ನು ಕೂಡುವತನಕ ಬೆಳೆಸಿದಳು.

“ಮಗಳು ಬ್ಯಾನಿ ತಿನ್ನಾಕತ್ಯಾಳ, ನೀ ರಂಗೋಲಿ ಹಾಕ್ಕೋತ ಕುಂತಿ” ಎಂದ ಮುದಿಯಪ್ಪ.

“ಮೂಲಿ ಎಷ್ಟು ಬಾಯಿ ಬಿಡ್ತೈತೋ, ಎದುರಿನ ಬದಿ ಅದಕ್ಕ ತಕ್ಕಂಗ ಉದ್ದ ಇರ್ತೈತಣ್ಣ. ಗುಂಡಿನ ಸಣ್ಣ ಮೂಲಿಗೆ ಎದುರು ನಾಕು ಗೇಣು. ಆಚೆ ಗೂಟದ ಈ ದೊಡ್ಡ ಮೂಲಿಗೆ ಎದುರು, ನಮ್ಮ ಗೂಟದಿಂದ ಗುಂಡಿನ ತನಕ ನೋಡು, ಏಳು. ಬಂಡಿ ಮ್ಯಾಲೂ ಅದೇ, ಹೊಳ್ಯಾಗೂ ಅದೇ. ಎಪ್ಪತ್ತು ಮಾರು.”

ಮಧ್ಯಾಹ್ನ ಹೊರಳುವ ಹೊತ್ತಿಗೆ ಹಗ್ಗ ಎಪ್ಪತ್ತು ಮಾರು ಮುಟ್ಟಿತು. ಇನ್ನೂ ನಾಲ್ಕು ಮಾರಿಗಾಗುವಷ್ಟು ನಾರು ಉಳಿದಿತ್ತು. ಮೋಟಾದರೇನು ಗತಿ, ಇದನ್ನೂ ಸೇರಿಸಿಬಿಡು ಎಂದು ಹೆತ್ತ ಕರುಳು ಎಳೆಯಿತು. ಕೈ ನಾರಿನವರೆಗೆ ಹೋಯಿತು. ಆಗ ಕೆಳಗಿನ ಮಡು ಕಣ್ಣಿಗೆ ಬಿತ್ತು. ‘ಈ ಮೂಲೆಗಳನ್ನು ಮಾಡಿದವಳು ನೀನು, ತಾಯಿ, ನಿನ್ನ ಲೆಕ್ಕಕ್ಕೆ ನನ್ನ ಭಯ ಸೇರಿಸಲಾರೆ’ ಎಂದುಕೊಂಡು ಹೊಸೆಯುವುದನ್ನು ಅಲ್ಲಿಗೇ ಮುಗಿಸಿಬಿಟ್ಟಳು.

ಮುದಿಯಪ್ಪ ಸೂಲಗಿತ್ತಿಯನ್ನು ಕೂರಿಸಿಕೊಂಡು ಹರಗೋಲು ಬಿಟ್ಟ. ಸೆಳವು ಅದನ್ನು ದೂರ ತಳ್ಳಿತು. ಹಗ್ಗ ನೀರಿನಿಂದ ಮೇಲೆದ್ದು ಬಿಗಿಯಿತು, ಗೂಟ ಕಿರ್ರೆಂದಿತು. ಹರಗೋಲು ಮೆಲ್ಲಗೆ ತೂಗಿ ಬಂದು, ಮಗು ತೊಡೆಗೆ ಒರಗಿದಂತೆ ಬಿಳಿಗುಂಡಿಗೆ ಒರಗಿ ನಿಂತಿತು. ಹೊತ್ತು ಮುಳುಗುವ ಮೊದಲು ಮರದಿಂದ ಕೆಂಪು ಸೀರೆ ಇಳಿದು ಅರಿಶಿನದ ಬಟ್ಟೆ ಏರಿತು: ತಾಯಿ, ಮಗು ಇಬ್ಬರೂ ಉಳಿದಿದ್ದರು. ಅಲ್ಲಿಯವರೆಗೂ ಗೂಟ ಹಿಡಿದು ನಿಂತಿದ್ದ ಹುಲಿಗೆವ್ವ ಆಗ ಕೂತು ಅತ್ತಳಂತೆ. ಸುಣ್ಣದ ಗೆರೆ ಮಳೆಗೆ ಅಳಿಯಬಾರದೆಂದು ಮುದಿಯಪ್ಪನೇ ಉಳಿ ತಂದು ಅದನ್ನು ಕಲ್ಲಿನಲ್ಲಿ ಕೊರೆದನೆನ್ನುತ್ತಾರೆ.

ಚೊಚ್ಚಲ ಬಸುರಿಯರು ಇಂದಿಗೂ ಇಲ್ಲಿ ಮೂರು ಮೂಲೆಗೆ ಅರಿಶಿನವಿಟ್ಟು, ಏಳು ಗೇಣಿನ ಗೆರೆಯನ್ನು ತಮ್ಮ ಗೇಣಿನಿಂದ ಅಳೆಯುತ್ತಾರೆ. ಸಣ್ಣ ಕೈಯವರಿಗೆ ಎಂಟಾದರೂ ತಾಯಿ ಒಪ್ಪಿಕೊಳ್ಳುತ್ತಾಳೆ. ಇದನ್ನು ಕೇಳಿದ ನಿಮ್ಮೆಲ್ಲರ ಹರಗೋಲನ್ನೂ ಅವಳು ದಂಡೆ ಮುಟ್ಟಿಸಲಿ. ನಿಮ್ಮ ಮನೆಯ ತೊಟ್ಟಿಲು ತಣ್ಣಗಿರಲಿ.