ಮೂರನೆಯ ಮಟ್ಟದ ಚದುರಂಗ

ವರದಾ ನದಿಯ ದಡದಲ್ಲಿ ಧರಣೇಂದ್ರಯ್ಯನವರ ಆಶ್ರಮವಿತ್ತು. ಅಲ್ಲಿ ವ್ಯಾಕರಣ ಕಲಿಸುತ್ತಿದ್ದರು, ಗಣಿತ ಕಲಿಸುತ್ತಿದ್ದರು, ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನೂ ಕಲಿಸುತ್ತಿದ್ದರು.

ಅವರ ಶಿಷ್ಯೆ ಬ್ರಾಹ್ಮಿಲಾ ಚದುರಂಗ ಆಡುವ ಪ್ರೋಗ್ರಾಂ ಒಂದನ್ನು ಬರೆದಳು. ಎದುರು ದಡದ ಆಶ್ರಮದವರೂ ಒಂದನ್ನು ಬರೆದಿದ್ದರು. ಹುಣ್ಣಿಮೆಯ ದಿನ ಎರಡಕ್ಕೂ ಪಂದ್ಯವೆಂದು ನಿಶ್ಚಯವಾಯಿತು. ಎದುರು ದಡದವರು ಅದುವರೆಗೆ ಯಾರಿಗೂ ಸೋತಿರಲಿಲ್ಲ.

ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಇದ್ದದ್ದನ್ನು ಇದ್ದಂತೆ ತಿರುಗಿಸು ಎಂದರೆ ಹಾಗೆಯೇ ಮಾಡುತ್ತದೆ. ವೇಗವಾಗಿ ಓಡುವಂತೆ ತಿದ್ದಿ ತಿರುಗಿಸು ಎಂದರೆ ಹಾಗೂ ಮಾಡುತ್ತದೆ. ಎಷ್ಟು ತಿದ್ದಬೇಕು ಎಂಬುದಕ್ಕೆ ಮಟ್ಟಗಳಿವೆ. ಸೊನ್ನೆ ಎಂದರೆ ಏನೂ ಬೇಡ. ಮೂರು ಎಂದರೆ ಕೈಲಾದಷ್ಟೂ.

ಬ್ರಾಹ್ಮಿಲಾ ಮೂರನ್ನು ಆರಿಸಿದಳು.

ಮರುದಿನ ಮುಖ ಸಣ್ಣದು ಮಾಡಿಕೊಂಡು ಗುರುಗಳ ಬಳಿ ಬಂದಳು.

"ಗುರುಗಳೇ, ಕಂಪೈಲರ್ ಮೋಸ ಮಾಡುತ್ತಿದೆ. ಸೊನ್ನೆಯಲ್ಲಿ ಸರಿಯಾಗಿ ಆಡುವ ಪ್ರೋಗ್ರಾಂ, ಮೂರರಲ್ಲಿ ಗೆಲ್ಲುವ ಆಟದಲ್ಲೇ ಮಂತ್ರಿಯನ್ನು ಸುಮ್ಮನೆ ಕೊಟ್ಟುಬಿಡುತ್ತದೆ."

"ಹಾಗಾದರೆ ಸೊನ್ನೆಯಲ್ಲೇ ಆಡಿಸು."

"ಸೊನ್ನೆಯಲ್ಲಿ ಅದು ಯೋಚಿಸಿ ಮುಗಿಸುವುದರೊಳಗೆ ನಮ್ಮ ಸಮಯ ಮುಗಿದಿರುತ್ತದೆ. ಸೋಲು ಖಂಡಿತ."

ಧರಣೇಂದ್ರಯ್ಯ ನದಿಯ ಕಡೆ ಕೈ ತೋರಿಸಿದರು.

"ಆ ಬಂಡೆಯ ಮೇಲೆ ನನ್ನ ಉತ್ತರೀಯ ಒಣಹಾಕಿದ್ದೇನೆ. ಬೇಗ ತಂದುಕೊಡು. ನೀರು ಮೊಣಕಾಲುದ್ದ ಇದೆ."

ಬ್ರಾಹ್ಮಿಲಾ ಓಡಿದಳು. ನಡುವೆ ಕಾಲಿಗೆ ನೆಲ ಸಿಗಲಿಲ್ಲ, ಕುತ್ತಿಗೆಯವರೆಗೆ ಮುಳುಗಿದಳು. ಈಜು ಬಲ್ಲವಳು, ಬಂಡೆ ಹಿಡಿದು ಹತ್ತಿದಳು. ಉತ್ತರೀಯ ತಂದುಕೊಟ್ಟಾಗ ಮೈಯೆಲ್ಲ ನೀರು ಸುರಿಯುತ್ತಿತ್ತು.

"ಕೋಲಿನಿಂದ ಆಳ ನೋಡಲಿಲ್ಲವೇಕೆ?"

"ಮೊಣಕಾಲುದ್ದ ಎಂದು ನೀವೇ ಹೇಳಿದಿರಲ್ಲ?"

"ನೋಡಿಕೊಂಡು ಹೋಗಿದ್ದರೆ?"

"ತಡವಾಗುತ್ತಿತ್ತು. ಓಡಲು ಆಗುತ್ತಲೇ ಇರಲಿಲ್ಲ."

"ಈಗ ತಪ್ಪು ಯಾರದು?"

ಅವಳು ತಲೆ ತಗ್ಗಿಸಿದಳು.

"ಹೇಳು, ಮಗಳೇ."

"ನಿಮ್ಮದು."

"ಹೌದು," ಎಂದರು ಧರಣೇಂದ್ರಯ್ಯ. "ಓಡಿದವಳದ್ದಲ್ಲ."

ಬ್ರಾಹ್ಮಿಲಾ ಬಟ್ಟೆಯ ನೀರು ಹಿಂಡಿದಳು. ಆಮೇಲೆ ತನಗೇ ಎಂಬಂತೆ ಕೇಳಿದಳು: "ಹಾಗಾದರೆ ನಾನು ಕಂಪೈಲರಿಗೆ ಏನೆಂದು ಹೇಳಿಬಿಟ್ಟಿದ್ದೇನೆ?"

ಗುರುಗಳು ಉತ್ತರೀಯ ಹೊದ್ದು ಎದ್ದರು. ಗಣಿತದ ಪಾಠಕ್ಕೆ ಹೊತ್ತಾಗಿತ್ತು.

ಹುಣ್ಣಿಮೆಯ ಹಿಂದಿನ ದಿನ ಅವಳು ಮತ್ತೆ ಬಂದಳು. ಕಣ್ಣು ಕೆಂಪಾಗಿತ್ತು, ಮುಖ ಅರಳಿತ್ತು.

"ಸಿಕ್ಕಿತು, ಗುರುಗಳೇ. ನಡೆಗಳ ಬೆಲೆ ಕೂಡುತ್ತಾ ಹೋದರೆ ಒಮ್ಮೊಮ್ಮೆ ಮೊತ್ತ ಯಂತ್ರ ಹಿಡಿಯಲಾರದಷ್ಟು ದೊಡ್ಡದಾಗುತ್ತದೆ. ಆಗ ಅದು ಸೊನ್ನೆಗಿಂತ ಕೆಳಗಿನ ಸಂಖ್ಯೆಯಾಗಿ ತಿರುಗಿ, ಗೆಲುವು ಸೋಲಾಗಿ ಕಾಣುತ್ತದೆ. ಕೂಡಿದ ಮೇಲೆ ಅದನ್ನು ಪತ್ತೆಹಚ್ಚುವ ಸಾಲು ಬರೆದಿದ್ದೆ. ಆದರೆ ಮೊತ್ತ ಅಷ್ಟು ದೊಡ್ಡದಾಗಲು ಬಿಡಲೇಬಾರದು ಎಂಬುದು ನಾನು ಪ್ರೋಗ್ರಾಂ ಬರೆದ ಭಾಷೆಯ ನಿಯಮ."

"ಕಂಪೈಲರ್ ಏನು ಮಾಡಿತು?"

"ನಾನು ನಿಯಮ ಮುರಿಯುವವಳಲ್ಲ ಎಂದುಕೊಂಡಿತು. ಪತ್ತೆಹಚ್ಚುವ ಸಾಲು ಇನ್ನೇಕೆ ಎಂದು ತೆಗೆದುಹಾಕಿತು. ಅದು ಮೋಸ ಮಾಡಿರಲಿಲ್ಲ. ನನ್ನನ್ನು ನಂಬಿತ್ತು."

"ಈಗ?"

"ಕೂಡುವ ಮೊದಲೇ ನೋಡುವಂತೆ ಬರೆದಿದ್ದೇನೆ. ಒಂದು ಕಡೆ ತಪ್ಪಿದವಳು ಇನ್ನೊಂದು ಕಡೆಯೂ ತಪ್ಪಿರಬಹುದು ಎಂದು ಮೊದಲಿನಿಂದ ಎಲ್ಲವನ್ನೂ ಓದಿದೆ. ಇನ್ನೂ ಕೆಲವು ಸಿಕ್ಕವು. ತಿದ್ದಿ, ಮತ್ತೆ ಓದಿದೆ."

"ನಾಳೆ ಯಾವ ಮಟ್ಟ?"

"ಮೂರು."

ಧರಣೇಂದ್ರಯ್ಯ ತಲೆಯಾಡಿಸಿದರು.

ಪಂದ್ಯ ಮಧ್ಯಾಹ್ನದವರೆಗೂ ನಡೆಯಿತು. ಎದುರು ದಡದವರದೇ ಮೇಲುಗೈ. ಆಗ ಬ್ರಾಹ್ಮಿಲಾಳ ಪ್ರೋಗ್ರಾಂ ಯಾರೂ ನೆನೆಸದ ನಡೆಯೊಂದನ್ನು ಆಡಿತು. ಕಾವಲಿನ ಕಾಲಾಳುಗಳನ್ನು ಬಿಟ್ಟು ರಾಜ ಒಬ್ಬನೇ ಬಯಲಿಗೆ ಹೊರಟ.

ನೋಡುತ್ತಿದ್ದವರು ಗುಸುಗುಸು ಎಂದರು.

ಎದುರು ದಡದ ಗುರು ಅನಂತವೀರಯ್ಯ ಸಜ್ಜನರು. "ಮಗು, ಯಂತ್ರಕ್ಕೆ ಏನೋ ಆಗಿದೆ," ಎಂದರು. "ನಡೆ ಹಿಂದಕ್ಕೆ ತೆಗೆದುಕೋ. ಮಟ್ಟ ಇಳಿಸಿ ಆಡಿಸು. ನಮ್ಮ ಅಭ್ಯಂತರವಿಲ್ಲ."

ಬ್ರಾಹ್ಮಿಲಾ ಗುರುಗಳ ಮುಖ ನೋಡಿದಳು. ಅವರು ಮಣೆಯನ್ನೇ ನೋಡುತ್ತಿದ್ದರು.

ಅವಳು ಯಂತ್ರದಿಂದ ಕೈ ಹಿಂದೆಗೆದಳು. "ಬೇಡ," ಎಂದಳು. "ಅದು ಆಡಲಿ."

ರಾಜ ಮನೆ ಮನೆ ದಾಟುತ್ತಾ ಶತ್ರುವಿನ ಆನೆಯ ಪಕ್ಕದಲ್ಲೇ ನಡೆದುಹೋದ. ಕೊನೆಗೆ ಅವರ ರಾಜನ ದಾರಿಗೆ ತಾನೇ ಅಡ್ಡ ನಿಂತ. ಬ್ರಾಹ್ಮಿಲಾಳ ಕುದುರೆ ಹಾರಿ ಚೆಕ್ ಕೊಟ್ಟಿತು. ಆ ರಾಜನಿಗೆ ಓಡಲು ಒಂದು ಮನೆಯೂ ಉಳಿದಿರಲಿಲ್ಲ.

ಅನಂತವೀರಯ್ಯ ಎದ್ದು ಬಂದು ಬ್ರಾಹ್ಮಿಲಾಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಧರಣೇಂದ್ರಯ್ಯನವರ ಕಡೆ ತಿರುಗಿದರು.

"ರಾಜ ಹೊರಟಾಗ ನೀವು ಕದಲಲೇ ಇಲ್ಲ. ಈ ಗೆಲುವು ನಿಮಗೆ ಮೊದಲೇ ಕಂಡಿತ್ತೇ?"

"ಇಲ್ಲ. ಆಟ ಕೆಟ್ಟಿತೆಂದೇ ನನಗೂ ಅನ್ನಿಸಿತು."

"ಹಾಗಿದ್ದೂ ಯಂತ್ರದ ಮೇಲೆ ಸಂಶಯ ಬರಲಿಲ್ಲವೇ?"

ಧರಣೇಂದ್ರಯ್ಯ ಶಿಷ್ಯೆಯನ್ನು ನೋಡಿ ನಕ್ಕರು.

"ಪಡಬೇಕಾದ ಸಂಶಯವನ್ನೆಲ್ಲ ಇವಳೇ ಪಟ್ಟು ಮುಗಿಸಿದ್ದಳು. ನನ್ನ ಪಾಲಿಗೆ ಒಂದನ್ನೂ ಉಳಿಸಿರಲಿಲ್ಲ."