ಪತ್ರಾವಳಿಯ ಗುಟ್ಟು

ವರದಾ ನದಿಯ ದಂಡೆಯ ಮೇಲೆ ರಾಚಯ್ಯ ಗುರುಗಳ ಆಶ್ರಮವಿತ್ತು. ತರ್ಕಶಾಸ್ತ್ರ ಓದಿಕೊಂಡಿದ್ದ ಕಲ್ಲಿನಾಥನೆಂಬ ತರುಣ ಅಲ್ಲಿಗೆ ಬಂದು ಸೇರಿದ.

ಬುದ್ಧಿ ಚುರುಕು. ಆದರೆ ಯಾವ ಮಾತನ್ನೂ ಸುಲಭಕ್ಕೆ ನಂಬುವವನಲ್ಲ. ಹೊರಗೆ ಬಿಸಿಲು ಜೋರಾಗಿದೆ ಎಂದು ಯಾರಾದರೂ ಹೇಳಿದರೆ, ತಾನೇ ಅಂಗಳಕ್ಕಿಳಿದು ನಿಂತು ನೋಡಿ ಬರುತ್ತಿದ್ದ.

ಬೆಳಿಗ್ಗೆ ಪಾಠ, ಮಧ್ಯಾಹ್ನ ಕೆಲಸ. ಇದು ಆಶ್ರಮದ ಪದ್ಧತಿ. ಪಾಠವೆಂದರೆ ಕಲ್ಲಿನಾಥನಿಗೆ ಎಷ್ಟಿದ್ದರೂ ಸಾಲದು. ಕೆಲಸವೆಂದರೆ ಮುಖ ಗಂಟಿಕ್ಕುತ್ತಿತ್ತು. ಕಸ ಗುಡಿಸಿ ಕಟ್ಟಿಗೆ ಒಟ್ಟುವುದಕ್ಕೆ ಊರು ಬಿಟ್ಟು ಇಷ್ಟು ದೂರ ಬರಬೇಕಿತ್ತೇ ಎಂದು ಒಳಗೊಳಗೇ ಗೊಣಗಿಕೊಳ್ಳುತ್ತಿದ್ದ.

ಸಂಕಣ್ಣನೆಂಬ ಹಿರಿಯ ಶಿಷ್ಯನೊಬ್ಬನಿದ್ದ. ಮುತ್ತುಗದ ಎಲೆಗಳನ್ನು ಬಿದಿರುಕಡ್ಡಿಯಿಂದ ಚುಚ್ಚಿ ಜೋಡಿಸಿ ಊಟಕ್ಕೆ ಪತ್ರಾವಳಿ ಮಾಡುವುದು ಅವನ ಪಾಲಿನ ಕೆಲಸ. ಪಡಸಾಲೆಯ ಮೂಲೆಯಲ್ಲಿ ಕೂತು ಏನನ್ನೋ ಗುನುಗುತ್ತ, ತನ್ನಷ್ಟಕ್ಕೆ ನಗುತ್ತ ಮಾಡುತ್ತಿದ್ದ.

ಆ ನಗು ಕಲ್ಲಿನಾಥನನ್ನು ಕಾಡತೊಡಗಿತು. ಉಂಡ ಮೇಲೆ ತಿಪ್ಪೆಗೆ ಬೀಳುವ ಎಲೆ ಅದು. ಅದರಲ್ಲಿ ನಗುವಂಥದ್ದೇನಿದೆ?

ಸಾಲದೆಂಬಂತೆ ಗುರುಗಳು ದಿನವೂ ಮಧ್ಯಾಹ್ನ ಹೋಗಿ ಸಂಕಣ್ಣನ ಪಕ್ಕದಲ್ಲಿ ಕೂರುತ್ತಿದ್ದರು. ಇಬ್ಬರೂ ತಗ್ಗಿದ ದನಿಯಲ್ಲಿ ಏನೋ ಮಾತಾಡಿಕೊಳ್ಳುತ್ತಿದ್ದರು. ಬೆಳಗಿನ ಪಾಠ ನಮ್ಮಂಥವರಿಗೆ, ನಿಜವಾದ ಪಾಠ ಇಲ್ಲಿ ನಡೆಯುತ್ತಿದೆ ಎಂದು ಕಲ್ಲಿನಾಥನ ಮನಸ್ಸು ಹೇಳಿತು.

ಒಂದು ದಿನ ಅವನು ಪಡಸಾಲೆಯ ಕಿಟಕಿಯ ಹೊರಗೆ, ಗೋಡೆಗೆ ಒತ್ತಿ ಕೂತು ಕಿವಿಗೊಟ್ಟ.

“ಒಣಗಿದ್ದನ್ನು ಒಮ್ಮೆಲೇ ಬಗ್ಗಿಸಬಾರದು,” ಎನ್ನುತ್ತಿದ್ದರು ಗುರುಗಳು. “ಮೊದಲು ನೀರು ಚಿಮುಕಿಸಬೇಕು.”

“ಹೌದು ಗುರುಗಳೇ. ನಡುವಿನದು ಗಟ್ಟಿ ಇದ್ದರೆ ಸುತ್ತಲಿನವು ತಾವಾಗಿಯೇ ನಿಲ್ಲುತ್ತವೆ.”

ಕಲ್ಲಿನಾಥ ಆ ಮಾತುಗಳ ಒಳಾರ್ಥ ಬಿಡಿಸತೊಡಗಿದ. ಒಣಗಿದ್ದು ಎಂದರೆ ಮನಸ್ಸು. ನೀರೆಂದರೆ ಕರುಣೆ. ನಡುವಿನದು ಎಂದರೆ ಪ್ರಾಣವೋ, ಆತ್ಮವೋ? ಎಷ್ಟು ಚೆನ್ನಾಗಿ ಮರೆಮಾಚಿ ಆಡುತ್ತಿದ್ದಾರೆ!

ಮರುದಿನ ಸಂಕಣ್ಣ ಹೊಳೆಯಲ್ಲಿ ಎಲೆ ತೊಳೆಯುತ್ತಿದ್ದಾಗ ಹತ್ತಿರ ಹೋಗಿ, ನಡುವಿನದು ಎಂದರೆ ಏನು ಎಂದು ಕೇಳಿದ. ನಡುವಿನ ಎಲೆ ಎಂದ ಸಂಕಣ್ಣ.

“ಎಲೆ ಎಂದರೆ?”

ಸಂಕಣ್ಣ ಅವನನ್ನೇ ನೋಡಿದ. “ಎಲೆ ಅಂದರೆ ಎಲೆಯೇ ಅಲ್ಲವೇನಪ್ಪ?”

ಇಷ್ಟು ಸಲೀಸಾಗಿ ಮುಚ್ಚಿಡುವುದನ್ನು ಎಷ್ಟು ದಿನ ಅಭ್ಯಾಸ ಮಾಡಿರಬೇಕು ಎಂದುಕೊಂಡ ಕಲ್ಲಿನಾಥ. ಅವನ ಸಂಶಯ ಇನ್ನಷ್ಟು ಬಲಿಯಿತು. ಗುರುಗಳು ಸಂಕಣ್ಣನೊಬ್ಬನಿಗೇ ಗುಪ್ತವಾಗಿ ಉಪದೇಶ ಮಾಡುತ್ತಿದ್ದಾರೆ ಎಂದು ಇಬ್ಬರು ಗೆಳೆಯರ ಕಿವಿಯಲ್ಲಿ ಹೇಳಿದ. ಆ ಮಾತು ಆಶ್ರಮವನ್ನೆಲ್ಲ ಸುತ್ತಲು ಹೊತ್ತು ಹಿಡಿಯಲಿಲ್ಲ.

ಸಂಕಣ್ಣ ಬಂದರೆ ಮಾತು ನಿಲ್ಲತೊಡಗಿತು. ಕೆಲವರು ಅವನ ಹಿಂದೆ ಬಿದ್ದು, ನಮಗೂ ಒಂದಿಷ್ಟು ಹೇಳು ಎಂದು ಪೀಡಿಸಿದರು. ಏನೂ ಇಲ್ಲ ಎಂದರೆ ಒಬ್ಬರೂ ನಂಬಲಿಲ್ಲ.

ಅವನ ಗುನುಗು ನಿಂತಿತು. ಕೈಯಲ್ಲಿ ಕಡ್ಡಿ ಮುರಿಯಿತು, ಎಲೆ ಸೀಳಿತು. ಪಂಕ್ತಿಯಲ್ಲಿ ಕೂತವರ ಮಡಿಲಿಗೆ ಸಾರು ಸೋರಿತು. ಕೊನೆಗೆ ಅವನೇ ಗುರುಗಳ ಬಳಿ ಹೋಗಿ, ತನ್ನನ್ನು ಕಾಯಿಪಲ್ಲೆಯ ಮಡಿಗಳಿಗೆ ನೀರುಣಿಸುವ ಕೆಲಸಕ್ಕೆ ಹಾಕಬೇಕೆಂದು ಬೇಡಿಕೊಂಡ.

“ಎಲೆ ಮುಟ್ಟಿದರೆ ಎಲ್ಲರ ಕಣ್ಣೂ ನನ್ನ ಕೈಮೇಲೆ. ಏನೋ ಕದ್ದವನ ಹಾಗೆ ಆಗಿದೆ, ಗುರುಗಳೇ.”

ಗುರುಗಳು ಕಲ್ಲಿನಾಥನನ್ನು ಕರೆಸಿದರು. ಅವನು ಮುಚ್ಚಿಡಲಿಲ್ಲ. ತಾವು ಸಂಕಣ್ಣನಿಗೆ ಕೊಟ್ಟು ನನಗೆ ಕೊಡದೆ ಇಟ್ಟಿರುವುದು ಏನೋ ಇದೆ, ಇದು ನನ್ನ ಅನುಮಾನ ಎಂದ.

“ನಿನ್ನ ಶಾಸ್ತ್ರದಲ್ಲಿ ಅನುಮಾನಕ್ಕೆ ಏನು ಬೇಕು?”

“ಹೇತು ಬೇಕು. ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎನ್ನುತ್ತೇವೆ.”

“ನೀನು ಕಂಡ ಹೊಗೆ ಯಾವುದು?”

ಕಲ್ಲಿನಾಥ ಹೇಳಿದ: “ಸಂಕಣ್ಣನ ನಗು.”

“ಅದು ಈಗ ಆರಿಹೋಯಿತು,” ಎಂದರು ಗುರುಗಳು. “ಅವನು ಕೂರುತ್ತಿದ್ದ ಜಾಗ ಖಾಲಿಯಿದೆ. ಹೋಗಿ ಕೂತು ಬೆಂಕಿ ಹುಡುಕು.”

ಕಲ್ಲಿನಾಥನಿಗೆ ಹಿಗ್ಗು. ಬೀಗದ ಕೈ ಸಿಕ್ಕಿತೆಂದೇ ಭಾವಿಸಿದ. ಗುರುಗಳು ಬಂದು ಪಕ್ಕದಲ್ಲಿ ಕೂತು, ನೀರು ಚಿಮುಕಿಸು ಎಂದಾಗ, ಇದೇ ಸಮಯವೆಂದು ಕೇಳಿದ:

“ನೀರು ಎಂದರೆ ಏನು, ಗುರುಗಳೇ?”

ಗುರುಗಳು ತಂಬಿಗೆಯನ್ನು ಅವನತ್ತ ಸರಿಸಿದರು.

ಅವನು ಮಾಡಿದ ಮೊದಲ ಪತ್ರಾವಳಿಯಲ್ಲಿ ಗುರುಗಳೇ ಉಂಡರು. ಸಾರು ಸೋರಿ ಅವರ ಪಂಚೆ ತೊಯ್ದಿತು. ಅವರು ಒರೆಸಿಕೊಂಡು ಊಟ ಮುಂದುವರಿಸಿದರು. ಇದೂ ಒಂದು ಪರೀಕ್ಷೆಯೇ ಇರಬೇಕೆಂದು ಕಲ್ಲಿನಾಥ ಸೋರಿದ್ದು ಎಲ್ಲಿಂದ ಎಂದು ಹುಡುಕಿದ. ಒಂದು ಎಲೆಯ ಅಂಚು ಇನ್ನೊಂದರ ಮೇಲೆ ಸಾಕಷ್ಟು ಕೂತಿರಲಿಲ್ಲ.

ಗುಟ್ಟು ಮಾತಿನಲ್ಲಿ ಇಲ್ಲದಿದ್ದರೆ ಎಲೆಯಲ್ಲೇ ಇರಬೇಕು ಎನಿಸಿತು. ಹೊರಳಿಸಿ ಹೊರಳಿಸಿ ನೋಡಿದ. ಎಳೆಯದು ಬಾಗುತ್ತದೆ, ಆದರೆ ಭಾರ ತಾಳದು. ಬಲಿತದ್ದು ತಾಳುತ್ತದೆ, ಆದರೆ ಅವಸರಕ್ಕೆ ಬಾಗದು. ನರದ ಮೇಲೆ ಚುಚ್ಚಿದರೆ ಸೀಳುತ್ತದೆ, ಪಕ್ಕದಲ್ಲಿ ಚುಚ್ಚಿದರೆ ಹಿಡಿಯುತ್ತದೆ. ಕಳ್ಳನ ಬೆನ್ನು ಹತ್ತಿದವನ ಹಾಗೆ ಒಂದೊಂದು ಎಲೆಯ ಹಿಂದೆಯೂ ಹೋದ. ಬೆರಳ ತುದಿಗಳು ಗಾಯವಾಗಿ, ಮಾಗಿ, ಗಡುಸಾದವು.

ಮಳೆಗಾಲ ಕಳೆಯಿತು.

ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಯಾರೋ ಬಂದರು. ಇದೊಂದು ಮುಗಿಸಿ ಬರುತ್ತೇನೆ ಎಂದ ಕಲ್ಲಿನಾಥ. ಕಡ್ಡಿ ಚಿವುಟಿ, ಪತ್ರಾವಳಿಯನ್ನು ಬೆಳಕಿಗೆ ಹಿಡಿದು ನೋಡಿದ. ಎಲ್ಲೂ ಒಂದು ಚುಕ್ಕೆ ಬೆಳಕು ತೂರಿ ಬರಲಿಲ್ಲ. ಆಗ ತನ್ನ ಗಂಟಲಿನಿಂದ ಒಂದು ರಾಗ ಹೊರಡುತ್ತಿರುವುದು ಅವನಿಗೇ ಕೇಳಿಸಿತು.

ಬೆಚ್ಚಿ ನಿಲ್ಲಿಸಿದ. ತಿರುಗಿದರೆ ಗುರುಗಳು ಪಕ್ಕದಲ್ಲಿ ಕೂತಿದ್ದರು.

“ನನಗೆ ತಿಳಿಯದ ಹಾಗೆ ಏನು ಮಾಡಿದಿರಿ, ಗುರುಗಳೇ?”

“ನಾನು ಈಗ ತಾನೇ ಬಂದೆ.”

“ಹಾಗಾದರೆ ಈ ಸುಖ ಎಲ್ಲಿಂದ ಬಂತು? ಕಾರಣ ಕಾಣದ್ದನ್ನು ನಾನು ಹೇಗೆ ನಂಬಲಿ?”

“ನಂಬಬೇಡ,” ಎಂದರು ಗುರುಗಳು. “ನಾಳೆಯೂ ಕೂತು ಪರೀಕ್ಷಿಸು.”

ಕಲ್ಲಿನಾಥ ಇನ್ನೇನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ತೋಟದಿಂದ ಬಂದ ಸಂಕಣ್ಣ ಖಾಲಿ ಕೊಡ ಹಿಡಿದು ಹೊಸ್ತಿಲಾಚೆಯೇ ನಿಂತಿದ್ದ. ಅವನ ಕಣ್ಣು ನೆಟ್ಟಿದ್ದು ಕಲ್ಲಿನಾಥನ ಕೈಯಲ್ಲಿದ್ದ ಪತ್ರಾವಳಿಯ ಮೇಲೆ. ಒಳಗೆ ಬರಲಿಲ್ಲ. ಹೋಗಲೂ ಇಲ್ಲ.

ಈ ಮನುಷ್ಯನಿಂದ ತಾನು ಕಿತ್ತುಕೊಂಡದ್ದು ಏನೆಂದು ಕಲ್ಲಿನಾಥನಿಗೆ ಆಗ ಅರ್ಥವಾಯಿತು. ತಲೆ ತಗ್ಗಿತು.

“ಅವರಿಗೆ ಏನಂತ ಹೇಳಲಿ, ಗುರುಗಳೇ?” ಎಂದು ಮೆಲ್ಲಗೆ ಕೇಳಿದ.

ಗುರುಗಳು ಹೇಳಿದರು: “ಹೇಳುವುದು ಆಮೇಲೆ ಇದ್ದೇ ಇದೆ. ಮೊದಲು ಸ್ವಲ್ಪ ಸರಿದು ಕೂತುಕೋ.”